ಒಂದು ಕಾವಲಿ, ಎರಡು ಒಲೆ

ನನ್ನ ಹೆಂಡತಿ ದೇವಾಜಮ್ಮ ಹೊಯ್ದ ದೋಸೆಯನ್ನು ಅವಳ ತಂಗಿ ಚಂದ್ರಿ ಮಗುಚಿ ತನ್ನ ಗಿರಾಕಿಗೆ ಬಡಿಸಿಬಿಟ್ಟಳು ಎಂದರೆ ಬೇರೆ ಊರಿನವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನಮ್ಮೂರಿನವರು "ಹೂಂ, ಆಮೇಲೆ?" ಅನ್ನುತ್ತಾರೆ. ಕಾವಲಿ ಒಂದೇ, ಅದಕ್ಕೆ ಕಟ್ಟಿದ ಹುರಿ ಎರಡು. ಹುರಿ ಎರಡಿದ್ದ ಮೇಲೆ ಇಬ್ಬರ ಒಲೆಯ ಮೇಲೂ ಅದೇ ಕಾವಲಿ ಕೂತಿರುತ್ತದೆ. ಇವಳು ಹೊಯ್ದದ್ದು ಅವಳಿಗೆ ಕಾಣುತ್ತದೆ, ಅವಳು ಕೆರೆದದ್ದು ಇವಳಿಗೆ ಕೇಳುತ್ತದೆ. ಇದರಲ್ಲಿ ಬೆರಗೇನು ಬಂತು?

ನಮ್ಮೂರಲ್ಲಿ ಯಾರ ಸಾಮಾನೂ ಅವರ ಮನೆಯಲ್ಲಿ ಇರುವುದಿಲ್ಲ. ಮಂಚ, ಒರಳು, ಕನ್ನಡಿ, ಕೊಡ ಎಲ್ಲವೂ ಊರ ಮೂಡಲ ದಿಬ್ಬದ ಮೇಲಿರುತ್ತವೆ. ಮನೆಯಲ್ಲಿರುವುದು ಗೋಡೆಗೆ ಹೊಡೆದ ಗೂಟಗಳು, ಗೂಟಕ್ಕೆ ಸುತ್ತಿದ ಹುರಿಗಳು. ಮಂಚದ ಹುರಿ ಎಳೆದರೆ ಮಂಚ ಬರುತ್ತದೆ, ಬಿಟ್ಟರೆ ಹೋಗುತ್ತದೆ. "ನನ್ನ ಮಂಚ ನಿನಗೂ ಇರಲಿ" ಎಂದು ಯಾರಾದರೂ ಅಂದರೆ ಹೊಸ ಮಂಚವೇನೂ ಹುಟ್ಟುವುದಿಲ್ಲ, ಇದ್ದ ಮಂಚಕ್ಕೇ ಇನ್ನೊಂದು ಹುರಿ ಬೀಳುತ್ತದೆ. ಅದಕ್ಕೇ ನಮ್ಮಲ್ಲಿ ಮಂಚದ ಮೇಲೆ ಮೈಚೆಲ್ಲುವ ಮುನ್ನ ಎಲ್ಲರೂ ಒಮ್ಮೆ ಕೆಮ್ಮುತ್ತಾರೆ. ಇಲ್ಲಿ ಯಾರೋ ಕುಂಕುಮದ ಬೆರಳನ್ನು ಕನ್ನಡಿಗೆ ಒರೆಸಿದರೆ ಬೀಗರ ಮನೆಯಲ್ಲಿ ಬೀಗಿತ್ತಿ ಮೂಗು ಕೆಂಪಾಯಿತೆಂದು ಗಾಬರಿಯಾಗುತ್ತಾಳೆ. ಉಪ್ಪು, ಬೆಲ್ಲ, ಹಿಟ್ಟು ಇಂಥವಕ್ಕೆ ಮಾತ್ರ ಹುರಿಯಿಲ್ಲ. ಒಂದು ಬೊಗಸೆ ಕೊಟ್ಟರೆ ಅದು ಅವರದಾಯಿತು. ಅವರು ಅದಕ್ಕೆ ನೀರು ಹಾಕಲಿ, ಮಣ್ಣು ಹಾಕಲಿ, ನಮ್ಮ ಡಬ್ಬದಲ್ಲಿದ್ದದ್ದು ಹಾಗೇ ಇರುತ್ತದೆ.

ಊರು ಹೆದರುವುದು ಎರಡಕ್ಕೆ. ಒಂದು, ತುದಿಯಲ್ಲಿ ಏನೂ ಇಲ್ಲದ ಬರಿ ಹುರಿ. ಅದನ್ನು ಎಳೆದವರು ಎಂಥ ಜಟ್ಟಿಯಾದರೂ ಅಂಗಾತ ಬೀಳುತ್ತಾರೆ. ಇನ್ನೊಂದು, ಗುಡಿಸೋ ಗಾಳಿ. ಯಾವ ಸಾಮಾನಿಗೆ ಒಂದು ಹುರಿಯೂ ಉಳಿದಿಲ್ಲವೋ ಅದನ್ನು ಆ ಗಾಳಿ ದಿಬ್ಬದಿಂದ ಎತ್ತಿಕೊಂಡು ಹೋಗುತ್ತದೆ. ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಈಗಲೇ ಬರಬಹುದು, ಮುಂದಿನ ಸುಗ್ಗಿಗೆ ಬರಬಹುದು. ಎಲ್ಲಿಗೆ ಒಯ್ಯುತ್ತದೆಂದು ಕೇಳಿದರೆ ಹಿರಿಯರು ಸುಮ್ಮನೆ ಗದರುತ್ತಾರೆ, ಏಕೆಂದರೆ ಅವರಿಗೂ ಗೊತ್ತಿಲ್ಲ.

ಈ ಕಾವಲಿ ನನ್ನ ಅತ್ತೆ ಸಿದ್ದಮ್ಮನದು. ನನ್ನ ಮದುವೆಯಲ್ಲಿ ಅತ್ತೆ ಅದಕ್ಕೆ ಒಂದು ಹುರಿ ಕಟ್ಟಿ ದೇವಾಜಮ್ಮನ ಕೈಗೆ ಕೊಟ್ಟಿದ್ದಳು. ಮುಂದೆ ಚಂದ್ರಿಯ ಮದುವೆಯಾದಾಗ ಅವಳು "ಅಕ್ಕಂಗೆ ಕೊಟ್ಟಿದ್ದೇ ನಂಗೂ ಬೇಕು" ಎಂದು ಧಾರೆಯ ಹೊತ್ತಿನಲ್ಲಿ ಹಟ ಹಿಡಿದು ಕೂತಳು. ಅತ್ತೆ ತನ್ನ ಗೂಟದಲ್ಲಿದ್ದ ಹುರಿಯನ್ನೇ ಬಿಚ್ಚಿ ಅವಳ ಕೈಗಿಟ್ಟು, "ತಗೊಳ್ಳೇ ಮಾರಾಯ್ತಿ, ಈಗ ತಾಳಿ ಕಟ್ಟಿಸ್ಕೋ" ಅಂದಳು. ಅತ್ತೆ ತೀರಿಕೊಂಡ ಮೇಲೂ ಕಾವಲಿ ಅಕ್ಕತಂಗಿಯರ ನಡುವೆ ಚೆನ್ನಾಗಿಯೇ ಬಾಳಿತು. ಅದರ ಮೈ ಎಂಥದ್ದು ಅಂತೀರಿ! ಕರಿ ಎಮ್ಮೆಯ ಬೆನ್ನಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಹಿಟ್ಟು ಹೊಯ್ದರೆ ಅಂಚು ತಾನೇ ಎದ್ದು ನಿಂತು "ನನ್ನ ಮಗುಚಿ" ಎಂದು ಕೇಳುತ್ತಿತ್ತು.

ನಮ್ಮ ಮನೆ, ಚಂದ್ರಿಯ ಮನೆ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ನಡುವೆ ಒಂದು ಮೋಟುಗೋಡೆ. ನಮ್ಮ ಬಾಗಿಲು ದೇವಸ್ಥಾನದ ಬೀದಿಗೆ, ಅವರದು ಹಿಂದಿನ ಬಯಲಿಗೆ. ದೇವಾಜಮ್ಮ ಬೆಳಿಗ್ಗೆ ಹೋಟ್ಲು ನಡೆಸುತ್ತಿದ್ದಳು, ಚಂದ್ರಿ ಸಂಜೆ. ಹಾಗಾಗಿ ತಕರಾರಿಗೆ ಎಡೆಯೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನ ಬಯಲಿನಲ್ಲಿ ಬಸ್ಸು ನಿಲ್ಲಲು ಶುರುವಾಯಿತು. ಬೆಳಗಿನ ಬಸ್ಸಿಗೆ ಬಂದವರು ಹಸಿದ ಹೊಟ್ಟೆಯಲ್ಲಿ ಚಂದ್ರಿಯ ಬಾಗಿಲು ತಟ್ಟಿದರು. ಬಂದ ಲಕ್ಷ್ಮಿಯನ್ನು ಸಂಜೆ ಬಾ ಎಂದು ಯಾರು ಕಳಿಸುತ್ತಾರೆ? ಅವಳೂ ಬೆಳಿಗ್ಗೆಯೇ ಒಲೆ ಹಚ್ಚಿದಳು.

ಮೊದಮೊದಲು ಹೊಂದಿಕೊಂಡರು. ಕಾವಲಿಯ ಮಧ್ಯಕ್ಕೆ ಸುಣ್ಣದಲ್ಲಿ ಗೆರೆ ಎಳೆದು, ಬಾವಿಯ ಕಡೆಯದು ಅಕ್ಕನಿಗೆ, ಬಸ್ಸಿನ ಕಡೆಯದು ತಂಗಿಗೆ ಎಂದು ಮಾಡಿಕೊಂಡರು. ಸುಣ್ಣ ಎರಡನೇ ದೋಸೆಗೇ ಅಳಿಸಿಹೋಯಿತು. ಆಮೇಲೆ ಅಕ್ಕ ಹೊಯ್ದದ್ದನ್ನು ತಂಗಿ ಎತ್ತುವುದು, ತಂಗಿ ಎಣ್ಣೆ ಬಿಟ್ಟದ್ದಕ್ಕೆ ಅಕ್ಕನೂ ಎಣ್ಣೆ ಬಿಡುವುದು ನಡೆಯಿತು. ಗಿರಾಕಿಗಳಿಗೆ ಇದರಿಂದ ತೊಂದರೆಯೇನಾಗಲಿಲ್ಲ. ಬಸ್ಸಿನ ಡ್ರೈವರೊಬ್ಬ ದೇವಾಜಮ್ಮನ ದೋಸೆಯನ್ನು ಚಂದ್ರಿಯ ಚಟ್ನಿಯಲ್ಲಿ ಅದ್ದಿ ತಿಂದು, ಇದಕ್ಕೆ ಸಮನಾದ್ದು ಲೋಕದಲ್ಲೇ ಇಲ್ಲ ಎಂದು ಸಾರಿದ. ಇಬ್ಬರೂ ಅದನ್ನು ತಮ್ಮ ಹೊಗಳಿಕೆ ಎಂದೇ ತಿಳಿದರು.

ಮನೆ ಮುರಿದದ್ದು ಮೊಟ್ಟೆಯಿಂದ.

ದೇವಾಜಮ್ಮನ ಹೋಟ್ಲು ಮಡಿಗೆ ಹೆಸರಾದದ್ದು. ಅಲ್ಲಿ ಮೊಟ್ಟೆಯ ಮಾತಿರಲಿ, ಸೋಮವಾರ ಈರುಳ್ಳಿಯ ಸಿಪ್ಪೆಯೂ ಒಳಗೆ ಬರುವಂತಿಲ್ಲ. ದೇವಸ್ಥಾನದ ಪುರೋಹಿತರು ಅನಂತಯ್ಯನವರು ದಿನಾ ಪೂಜೆ ಮುಗಿಸಿ ಬಂದು ಮೂಲೆಯ ಮಣೆಯ ಮೇಲೆ ಕೂತರೆ, ಅವರನ್ನು ನೋಡಿ ಉಳಿದವರೂ ಬರುತ್ತಿದ್ದರು. ಆ ಸೋಮವಾರ ಅನಂತಯ್ಯನವರು ಮೊದಲ ದೋಸೆ ಅರ್ಧ ತಿಂದು, ಕಣ್ಣು ಮುಚ್ಚಿ, "ದೇವಾಜಮ್ಮ, ಇವತ್ತೇನು ಹಾಕಿದ್ದೀಯಮ್ಮ ಹಿಟ್ಟಿಗೆ? ಬಲು ಮೃದುವಾಗಿದೆ" ಅಂದರು. ದೇವಾಜಮ್ಮ ಬೀಗುತ್ತಾ ಹತ್ತಿರ ಬಂದು ನೋಡಿದಳು. ದೋಸೆಯ ಕೆಳಮೈಯಲ್ಲಿ ಹಳದಿಯ ಒಂದು ಪದರ ಹೂವಿನ ಹಾಗೆ ಅರಳಿಕೊಂಡಿತ್ತು.

ಅವಳು ಅಡುಗೆಮನೆಗೆ ಓಡಿದಳು. ಕಾವಲಿಯ ಮೇಲೆ, ಅವಳ ಕಣ್ಣೆದುರೇ, ಎಲ್ಲಿಂದಲೋ ಇನ್ನೊಂದು ಮೊಟ್ಟೆ ಒಡೆದು ಬಿದ್ದು ಚೊಂಯ್ ಎಂದಿತು.

"ಚಂದ್ರೀ!" ಎಂದು ಅವಳು ಕೂಗಿದ್ದು ದೇವಸ್ಥಾನದ ಗಂಟೆಗೂ ಕೇಳಿಸಿರಬೇಕು.

ಚಂದ್ರಿ ಮೋಟುಗೋಡೆಯ ಆಚೆ ಮುಖ ತೋರಿಸಿದಳು. "ಏನಕ್ಕ?"

"ಏನಕ್ಕ ಅಂತೀಯಾ! ಅಮ್ಮನ ಕಾವಲಿ ಮೇಲೆ ಮೊಟ್ಟೆ ಒಡೀತೀಯೇನೇ?"

"ಕಂಡಕ್ಟರು ಮೊಟ್ಟೆ ದೋಸೆ ಕೇಳಿದ್ರು, ಹಾಕ್ದೆ. ನನ್ನ ಕಾವಲಿ, ನನ್ನಿಷ್ಟ."

"ನಿನ್ನ ಕಾವಲಿಯಂತೆ! ಅದು ನನ್ನ ಕಾವಲಿ ಕಣೇ!"

"ನಿಂದೂ ಹೌದು. ನಿಂದು ಅಂತ ನಾನು ಮೊಟ್ಟೆ ಹಾಕ್ಲಿಲ್ಲ, ನಂದು ಅಂತ ಹಾಕ್ದೆ."

 ಒಳಗೆ ಅನಂತಯ್ಯನವರು ಉಳಿದರ್ಧ ದೋಸೆಯನ್ನು ನೋಡುತ್ತಾ ಕೂತಿದ್ದರು. ಅವರ ಮುಖದಲ್ಲಿ ಪಶ್ಚಾತ್ತಾಪವಿತ್ತು, ಆಸೆಯೂ ಇತ್ತು. ಕೊನೆಗೆ ಎದ್ದು, ಸ್ನಾನ ಮಾಡಬೇಕೆಂದು ಹೇಳಿ ಹೋದವರು ಮರುದಿನ ಬರಲಿಲ್ಲ. ಅವರು ಬಾರದ ಮೇಲೆ ಬೀದಿಯ ಅರ್ಧ ಜನ ಬರಲಿಲ್ಲ.

ಅಕ್ಕತಂಗಿಯರಲ್ಲಿ ಮಾತು ನಿಂತಿತು, ಆದರೆ ಕಾವಲಿಯ ಮೇಲೆ ಜಗಳ ನಡೆದೇ ಇತ್ತು. ದೇವಾಜಮ್ಮ ಗೋಮೂತ್ರ ಚಿಮುಕಿಸಿ ತೊಳೆಯುತ್ತಿದ್ದಳು. ಆಚೆ ಚಂದ್ರಿಯ ಬಿಸಿ ದೋಸೆ ತೊಯ್ದು ಮುದ್ದೆಯಾಗುತ್ತಿತ್ತು. ಚಂದ್ರಿ ಸಿಟ್ಟಿಗೆ ಒಂದಕ್ಕೆ ಎರಡು ಮೊಟ್ಟೆ ಒಡೆಯುತ್ತಿದ್ದಳು. ನಾನೂ ನನ್ನ ಷಡ್ಡಕ ಮಲ್ಲೇಶಿಯೂ ಊಟದ ಹೊತ್ತಿಗೆ ಮೋಟುಗೋಡೆಯ ಮೇಲೆ ಕೂತು, ಎರಡೂ ಮನೆಯಲ್ಲಿ ಸೀದದ್ದನ್ನು ಹಂಚಿಕೊಂಡು ತಿನ್ನುತ್ತಿದ್ದೆವು. ಮಲ್ಲೇಶಿ ಚಂದ್ರಿಯ ಗಂಡ. ಬಲು ಮೆತ್ತಗಿನ ಮನುಷ್ಯ, ದಾರಿಯಲ್ಲಿ ನಾಯಿ ಮಲಗಿದ್ದರೆ ಸುತ್ತಿಕೊಂಡು ಹೋಗುವವನು.

"ಅಣ್ಣ, ಈರಾಚಾರ್ರ ಹತ್ರ ಅಂಥದ್ದೇ ಇನ್ನೊಂದು ಕಾವಲಿ ಮಾಡಿಸಿದ್ರೆ? ಅಂಥದ್ದು, ಆದ್ರೆ ಅದೇ ಅಲ್ಲ. ಬೇರೆ" ಅಂದ ಅವನು.

ನಮ್ಮೂರಲ್ಲಿ ಈ ಮಾತು ಸುಲಭಕ್ಕೆ ಯಾರ ಬಾಯಲ್ಲೂ ಬರುವುದಿಲ್ಲ. ಅಂಥದ್ದು ಬೇಕೆಂದರೆ ಹುರಿ ಕಟ್ಟಿ ಮುಗಿಸುವುದೇ ವಾಡಿಕೆ. ಆದರೂ ನಾವು ಕಮ್ಮಾರ ಈರಾಚಾರಿಯ ಹತ್ತಿರ ಹೋದೆವು. ಅಳತೆಗೆಂದು ಹಳೆಯ ಕಾವಲಿಗೆ ಆತನ ಹೆಸರಲ್ಲೂ ಒಂದು ಹುರಿ ಕಟ್ಟಿ ಕೊಟ್ಟೆವು. ಆತ ಎಳೆದು, ತಟ್ಟಿ ನೋಡಿ, ಮುದ್ದಿಸುವವನ ಹಾಗೆ ಬೆರಳಾಡಿಸಿ, ಅಂಥದ್ದೇ ಒಂದನ್ನು ಮಾಡಿ ದಿಬ್ಬದ ಮೇಲೆ ಇಟ್ಟ. ಅಗಲ ಅದೇ, ದಪ್ಪ ಅದೇ, ಹಿಡಿಯ ಸೊಟ್ಟವೂ ಅದೇ. ಆದರೆ ಮೈ ಹೊಸದು. ಹೊಸ ಕಾವಲಿಯ ಮೇಲೆ ದೋಸೆ ಹೇಗೆ ಅಂಟುತ್ತದೆಂದು ಅಡುಗೆ ಬಲ್ಲವರಿಗೆ ಹೇಳಬೇಕಾಗಿಲ್ಲ.

"ಹಳೇದು ನಂದು. ಹೊಸದು ಅವಳಿಗಿರಲಿ" ಅಂದಳು ದೇವಾಜಮ್ಮ.

"ಹಳೇದು ನಂದು. ಹೊಸದು ಅಕ್ಕಂಗಿರಲಿ, ಮಡಿಯಾಗಿದೆ" ಅಂದಳು ಚಂದ್ರಿ.

ಹೊಸ ಕಾವಲಿ ದಿಬ್ಬದ ಮೇಲೆ ಯಾರಿಗೂ ಬೇಡದ ಕೂಸಿನ ಹಾಗೆ ಕೂತಿತು. ಗಾಳಿ ಒಯ್ಯದಿರಲೆಂದು ಈರಾಚಾರಿಯೇ ಅದಕ್ಕೆ ತನ್ನದೊಂದು ಹುರಿ ಕಟ್ಟಿಕೊಂಡಿದ್ದ.

ಮೋಟುಗೋಡೆಯ ಮೇಲೆ ನಾವಿಬ್ಬರು ಒಂದು ತೀರ್ಮಾನಕ್ಕೆ ಬಂದೆವು. ಇಬ್ಬರಲ್ಲಿ ಒಬ್ಬರ ಹುರಿಯನ್ನು ಗುಟ್ಟಾಗಿ ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಕಟ್ಟಿಬಿಡುವುದು. ನೋಡಲು ಎರಡೂ ಒಂದೇ ಥರ. ದೋಸೆ ಅಂಟಿದರೆ ಹಿಟ್ಟು ಹುಳಿ ಬಂದಿಲ್ಲ ಎಂದರಾಯಿತು. ಆದರೆ ಯಾರದನ್ನು ಬಿಚ್ಚುವುದು?

"ನಮ್ಮನೇದೇ ಬಿಚ್ತೀನಿ ಬಿಡಿ ಅಣ್ಣ. ನಾವು ಚಿಕ್ಕೋರು" ಅಂದ ಮಲ್ಲೇಶಿ.

"ಛೆ ಛೆ, ಚಿಕ್ಕೋರಿಗೆ ಕಷ್ಟ ಕೊಡೋದಾ? ನಮ್ಮನೇದು ಬಿಚ್ಚೋಣ."

"ಅತ್ತಿಗೆಮ್ಮನ ಗಿರಾಕಿ ಮೊದಲೇ ಕಡಿಮೆ ಆಗವ್ರೆ. ಬೇಡ ಅಣ್ಣ, ನಂದೇ ಆಗ್ಲಿ."

ಹೀಗೆ ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನೀವು ಕೂತ್ಕೊಳ್ಳಿ ಎಂದು ಎಳೆದಾಡಿಕೊಳ್ಳುವವರಂತೆ ಬಹಳ ಹೊತ್ತು ಎಳೆದಾಡಿದೆವು. ಕೊನೆಗೆ ಅವನದೇ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡು ಮನೆಗೆ ಬಂದ ಮೇಲೆ ಮನಸ್ಸು ಒಪ್ಪಲಿಲ್ಲ. ಹಿರಿಯನಾಗಿ ನಾನು ಹಳೆಯದನ್ನು ಇಟ್ಟುಕೊಂಡು, ಪಾಪದವನ ಕೈಲಿ ತ್ಯಾಗ ಮಾಡಿಸುವುದೇ? ಮಾರನೆಯ ದಿನ ಮಧ್ಯಾಹ್ನ, ದೇವಾಜಮ್ಮ ಉಂಡು ಅಡ್ಡಾದ ಹೊತ್ತಿಗೆ, ನಾನು ಹುರಿ ಹಿಡಿದುಕೊಂಡೇ ದಿಬ್ಬ ಹತ್ತಿದೆ.

ದಿಬ್ಬದ ಮೇಲೆ ಏನನ್ನಾದರೂ ಹುಡುಕಬೇಕಾದರೆ ಹುರಿಯ ಜಾಡು ಹಿಡಿದೇ ಹೋಗಬೇಕು, ಬೇರೆ ದಾರಿಯಿಲ್ಲ. ಮಂಚಗಳ ಕಾಡು, ಕೊಡಗಳ ಗುಡ್ಡ ದಾಟಿ ಕಾವಲಿಯ ಹತ್ತಿರ ಬಂದೆ. ಗಂಟು ಬಿಚ್ಚಿದೆ. ಪಕ್ಕದಲ್ಲೇ ಹೊಸದಿತ್ತು. ಅದಕ್ಕೆ ಕಟ್ಟಬೇಕು, ಬೆವರಿನ ಕೈಗೆ ಗಂಟು ನಿಲ್ಲುತ್ತಿಲ್ಲ. ಅಷ್ಟರಲ್ಲಿ ಹುರಿ ನನ್ನ ಕೈಯಲ್ಲಿ ಜಗ್ಗಿ, ಸಡಿಲಾಗಿ, ಮತ್ತೆ ತೆಪ್ಪಗಾಯಿತು. ನನಗೆ ಅದರ ಅರ್ಥ ಹೊಳೆಯಲಿಲ್ಲ. ಗಂಟು ಬಿಗಿದು, ಹಗುರ ಮನಸ್ಸಿನಿಂದ ಇಳಿದು ಬಂದೆ.

ಮನೆಯ ಬಾಗಿಲಲ್ಲೇ ಅರ್ಥವಾಯಿತು. ದೇವಾಜಮ್ಮ ಅಂದು ಬೇಗ ಎದ್ದು, ನಾಳೆಯ ಹಿಟ್ಟು ಪರೀಕ್ಷಿಸಲೆಂದು ಕಾವಲಿಯ ಹುರಿ ಎಳೆದಿದ್ದಳು. ತುದಿಯಲ್ಲಿ ಏನೂ ಇರಲಿಲ್ಲ. ಅವಳ ಬೆನ್ನ ಹಿಂದೆ ರುಬ್ಬಿಟ್ಟ ದೋಸೆ ಹಿಟ್ಟಿನ ಹಂಡೆ ಇತ್ತು. ಈಗ ಅವಳು ಹಂಡೆಯೊಳಗೆ ಕೂತಿದ್ದಳು. ಕಾಲು ಹೊರಗಿದ್ದವು, ತಲೆಯಿಂದ ಹಿಟ್ಟು ಸುರಿಯುತ್ತಿತ್ತು.

"ರೀ," ಅಂದಳು, ತೀರಾ ಶಾಂತವಾಗಿ, "ನನ್ನ ತಂಗಿ ನನ್ನ ಹುರಿ ಬಿಚ್ಚಿದಾಳೆ."

"ಇರಲಾರದು ಬಿಡೇ. ಇನ್ನೊಂದ್ಸಲ ಎಳೆದು ನೋಡು" ಅಂದೆ, ಅವಳನ್ನು ಎತ್ತುತ್ತಾ.

ಎಳೆದಳು. ಕಾವಲಿ ಬಂತು. ಅವಳು ಅದನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದಳು. ನಾನು ಹಿಟ್ಟು ಬಳಿಯುವ ನೆವದಲ್ಲಿ ತಲೆ ತಗ್ಗಿಸಿದೆ.

ಅದೇ ಸಂಜೆ, ಸೂರ್ಯ ಇನ್ನೂ ಮೇಲಿರುವಾಗಲೇ, ಮಾತು ಕೊಟ್ಟಿದ್ದ ಮಲ್ಲೇಶಿ ತನ್ನ ಮನೆಯ ಹುರಿ ಹಿಡಿದು ದಿಬ್ಬ ಹತ್ತಿದ್ದ. ನಾನು ಮಾಡಿದ್ದು ಅವನಿಗೆ ಹೇಳಬೇಕೆಂದು ಅಂದುಕೊಂಡಿದ್ದೆ. ಆದರೆ ಹೆಂಡತಿಯ ಕೂದಲಿನಿಂದ ಉದ್ದಿನ ಹಿಟ್ಟು ಬಿಡಿಸುವುದು ಸಣ್ಣ ಕೆಲಸವಲ್ಲ. ಅವನು ಬಿಚ್ಚಿದ, ಕಟ್ಟಿದ, ಬಂದ. ಹೊಸದಕ್ಕೆ ಎರಡು ಹುರಿ ಇದ್ದದ್ದನ್ನು ನೋಡಿ, ಆಚಾರ್ರು ಭದ್ರಕ್ಕೆ ಎರಡು ಕಟ್ಟಿದ್ದಾರೆಂದುಕೊಂಡನಂತೆ. ಹಳೆಯದಕ್ಕೆ ತನ್ನದೊಂದೇ ಇದ್ದದ್ದನ್ನು ನೋಡಿ, ಅಣ್ಣಂದು ಹಿಂದುಗಡೆ ಎಲ್ಲೋ ಇರಬೇಕು, ಸುತ್ತಿ ಹೋಗಿ ನೋಡುವುದು ಮರ್ಯಾದೆಯಲ್ಲ ಎಂದುಕೊಂಡನಂತೆ.

ಬೆಳಿಗ್ಗೆ ದೇವಾಜಮ್ಮ ಮೊದಲ ದೋಸೆ ಹೊಯ್ದಳು. ಅಂಚು ಏಳಲಿಲ್ಲ. ಮಗುಚೋ ಕೈ ಹಾಕಿದಳು. ದೋಸೆ ಕಾವಲಿಯನ್ನು ತಬ್ಬಿಕೊಂಡು ಬಿಡಲೊಲ್ಲದು. ಕೆರೆದಳು. ಕೆರೆಯುತ್ತಿದ್ದ ಹಾಗೇ ಅದರ ಮೇಲೆ ಒಂದು ಮೊಟ್ಟೆ ಬಂದು ಬಿತ್ತು.

ಇಬ್ಬರು ಹೆಂಗಸರೂ ಒಂದೇ ಗಳಿಗೆಗೆ ಮೋಟುಗೋಡೆಗೆ ಬಂದರು.

"ಏನ್ ಮಾಡಿದೀಯೇ ಕಾವಲಿಗೆ!"

"ನಾನು ಕೇಳ್ಬೇಕು ಅದನ್ನ! ನೀನೇ ಏನೋ ಉಜ್ಜಿ ಅದರ ಮೈ ಕಿತ್ತಿದೀಯಾ!"

ನಾನೂ ಮಲ್ಲೇಶಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊಟ್ಟೆ ಇಬ್ಬರ ಒಲೆಯ ಮೇಲೂ ಬಿದ್ದಿದೆ ಎಂದರೆ ಇಬ್ಬರದೂ ಒಂದೇ ಕಾವಲಿ. ದೋಸೆ ಅಂಟಿದೆ ಎಂದರೆ ಅದು ಹೊಸದು. ಹಾಗಾದರೆ ಹಳೆಯದು?

"ಅಣ್ಣ, ನೀವು..." ಅಂದ ಮಲ್ಲೇಶಿ.

"ನಾನೂನು ಕಣಪ್ಪ" ಅಂದೆ.

ಹೇಳದೆ ವಿಧಿಯಿರಲಿಲ್ಲ, ಹೇಳಿದೆವು. ನಾವು ಬೈಗುಳಕ್ಕೆ ಸಿದ್ಧರಾಗಿ ಕಣ್ಣು ಮುಚ್ಚಿಕೊಂಡಿದ್ದೆವು, ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ದೇವಾಜಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೋಟುಗೋಡೆ ಹಾರಿ ಆಚೆ ಇಳಿದಿದ್ದಳು. "ಅದಕ್ಕೆ ಒಂದು ಹುರೀನೂ ಇಲ್ಲ ಚಂದ್ರೀ, ಓಡೇ!" ಅಂದಳು. ಇಬ್ಬರೂ ಕೈ ಕೈ ಹಿಡಿದು ಬಸ್ಸಿನ ಬಯಲನ್ನು ಸೀಳಿಕೊಂಡು ಓಡಿದರು. ಹಿಂದೆ ನಾವು. ನಮ್ಮ ಹಿಂದೆ, ದೋಸೆಗೆ ಕಾದಿದ್ದ ಕಂಡಕ್ಟರು.

ಮೊದಲು ಈರಾಚಾರಿಯ ಕುಲುಮೆಗೆ. ಅಳತೆಗೆ ಕೊಟ್ಟ ಹುರಿ ಇನ್ನೂ ಹಳೆಯದಕ್ಕೆ ಕಟ್ಟಿಕೊಂಡೇ ಇದ್ದರೆ ಬದುಕಿದೆವು.

"ಆಚಾರ್ರೇ, ಅಮ್ಮನ ಕಾವಲಿಗೆ ನಿಮ್ಮ ಹುರಿ ಇದೆಯಾ?" ಚಂದ್ರಿ ಏದುಸಿರು ಬಿಡುತ್ತಾ ಕೇಳಿದಳು.

ಈರಾಚಾರಿಗೆ ಸಿಟ್ಟು ಬಂತು. "ಏನಮ್ಮ ಹಂಗಂದ್ರೆ? ಕೆಲಸ ಮುಗಿದ ದಿನವೇ ಬಿಚ್ಚಿದ್ದೀನಿ. ನಮ್ಮ ತಾತನ ಕಾಲದಿಂದ್ಲೂ ಇನ್ನೊಬ್ಬರ ಸಾಮಾನಿಗೆ ಒಂದೆಳೆ ನೂಲೂ ಉಳಿಸಿಕೊಂಡೋರಲ್ಲ ನಾವು."

"ಅಯ್ಯೋ, ಒಂದ್ಸಲನಾದ್ರೂ ಕಳ್ಳತನ ಮಾಡಬಾರದಿತ್ತಾ ನೀವು!" ಎಂದು ದೇವಾಜಮ್ಮ ಅತ್ತೇಬಿಟ್ಟಳು. ಹುಟ್ಟಿದಾಗಿನಿಂದ ತನ್ನನ್ನು ಹೀಗೆ ಯಾರೂ ಬೈದಿರಲಿಲ್ಲ ಎಂಬಂತೆ ಆಚಾರಿ ಸುತ್ತಿಗೆ ಹಿಡಿದೇ ನಿಂತ.

ದಿಬ್ಬ ಹತ್ತಿದೆವು. ಹೊಸ ಕಾವಲಿಯ ಜಾಡು ಹಿಡಿದು ಅದರ ಹತ್ತಿರಕ್ಕೆ ಹೋದೆವು. ಪಕ್ಕದಲ್ಲೇ ಹಳೆಯದು ಇರಬೇಕಿತ್ತು. ಆದರೆ ಹುರಿ ಇಲ್ಲದ ಸಾಮಾನು ಇದ್ದಲ್ಲೇ ಇದ್ದರೂ ಯಾರ ಕಣ್ಣಿಗೂ ನಿಲ್ಲುವುದಿಲ್ಲ, ಕೈಗೂ ಎಟುಕುವುದಿಲ್ಲ. ಅಕ್ಕತಂಗಿಯರು ನೆಲದ ಮೇಲೆ ಕೂತು ಕುರುಡರ ಹಾಗೆ ತಡವಿದರು. ಯಾರದೋ ಒರಳು ಸಿಕ್ಕಿತು, ಯಾರದೋ ಚೊಂಬು ಸಿಕ್ಕಿತು. ಒಬ್ಬರ ಕೈ ಒಬ್ಬರಿಗೆ ಸಿಕ್ಕಿ, ಕಾವಲಿಯ ಹಿಡಿಯೇ ಸಿಕ್ಕಿತೆಂದು ಇಬ್ಬರೂ ಒಮ್ಮೆ ಕಿರುಚಿದರು.

ಆಗ ಗಾಳಿ ಬಂತು. ದೊಡ್ಡ ಗಾಳಿಯೇನಲ್ಲ, ಅಂಗಳ ಗುಡಿಸುವವಳ ಸೆರಗು ಬೀಸಿದಷ್ಟು. ಕೊಡಗಳು ಅಲುಗಲಿಲ್ಲ. ಆದರೆ ನಮ್ಮ ನಡುವೆ ಒಂದು ವಾಸನೆ ಹಾದುಹೋಯಿತು. ತುಪ್ಪ ಬಿಟ್ಟು ಗರಿಯಾಗಿ ಬೆಂದ ದೋಸೆಯ ವಾಸನೆ, ಸೌದೆಯ ಹೊಗೆಯ ಘಾಟು, ಅತ್ತೆ ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆಯ ಕಮಟು. ಅಕ್ಕತಂಗಿಯರು ಒಟ್ಟಿಗೇ ತಲೆಯೆತ್ತಿ, ಅದು ಹೋದ ಕಡೆಗೆ ಮೂಗು ತಿರುಗಿಸಿದರು. ಆಮೇಲೆ ಬರಿ ಬಿಸಿಲು.

"ಹೋಯ್ತು ಅಣ್ಣ" ಅಂದ ಮಲ್ಲೇಶಿ. ಹೇಳಬೇಕಾಗಿರಲಿಲ್ಲ.

ಎಲ್ಲರೂ ತಲೆ ತಗ್ಗಿಸಿ ಹಿಂದಿರುಗಿದೆವು. ಕಂಡಕ್ಟರು ಕೂಡ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ದೇವಾಜಮ್ಮ ನಮ್ಮ ಮನೆಗೆ ಬರಲಿಲ್ಲ, ಚಂದ್ರಿಯ ಜಗುಲಿಯ ಮೇಲೆ ಕಾಲು ಚಾಚಿ ಕೂತಳು. ಚಂದ್ರಿ ನೀರು ತಂದುಕೊಟ್ಟಳು. ಆ ಎರಡು ಮನೆಯ ನಡುವೆ ಬಾಯಿಗೆ ಬಾಯಿ ಕೊಟ್ಟು ಬೈದದ್ದು ಬಿಟ್ಟರೆ ಬೇರೆ ಮಾತು ನಡೆದು ಬಹಳ ಕಾಲವಾಗಿತ್ತು. ಶುರು ಮಾಡುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಕಡೆಗೆ ದೇವಾಜಮ್ಮನೇ ಶುರು ಮಾಡಿದಳು.

"ಅಮ್ಮಂಗೆ ಆ ಕಾವಲಿ ಬಂದಾಗ ಅದೂ ಹೊಸದೇ ತಾನೇ? ಆಗ್ಲೂ ಅಂಟ್ತಿತ್ತೇನೋ."

"ಅಂಟ್ತಿತ್ತಂತೆ" ಅಂದಳು ಚಂದ್ರಿ. "ಅಪ್ಪ ದಿನಾ ಚೂರು ಚೂರು ದೋಸೆ ತಿಂದು, ಇದಕ್ಕೆ ಉಪ್ಪಿಟ್ಟು ಅಂತಾದ್ರೂ ಹೆಸರಿಡೇ ಅನ್ತಿದ್ರಂತೆ. ನೀನು ಮದ್ವೆ ಆಗಿ ಹೋದ್ಮೇಲೆ ಅಮ್ಮ ಒಂದಿನ ನಂಗೆ ಹೇಳಿದ್ಲು."

"ಮತ್ತೆ ಹೇಗೆ ಪಳಗಿಸಿದ್ಲಂತೆ?"

ಚಂದ್ರಿ ಸೆರಗಿನ ಅಂಚು ತಿರುವಿದಳು. "ಅರ್ಧ ಈರುಳ್ಳಿ ಎಣ್ಣೆಗೆ ಅದ್ದಿ ಉಜ್ಜಿ ಉಜ್ಜಿ..."

"ಆಮೇಲೆ?"

"ಬೇಡ ಬಿಡಕ್ಕ."

"ಹೇಳೇ."

"ದಿನಾ ಒಂದೊಂದು ಮೊಟ್ಟೆ ಒಡೆದು ಹುರೀತಿದ್ಲಂತೆ. ಮೊಟ್ಟೆ ಹಾಕ್ದೆ ಕಾವಲಿ ಪಳಗಲ್ಲ ಅಂದ್ಲು."

"ಸುಳ್ಳು!"

"ನಿನ್ನಾಣೆ ಅಕ್ಕ. ಅದಕ್ಕೇ ನಂಗೆ ಅದ್ರ ಮೇಲೆ ಮೊಟ್ಟೆ ಹಾಕೋಕೆ ಏನೂ ಅನ್ನಿಸ್ತಿರ್ಲಿಲ್ಲ."

ದೇವಾಜಮ್ಮ ಬಸ್ಸಿನ ಬಯಲಿನ ಕಡೆ ತಿರುಗಿದಳು. ತನ್ನ ಮಡಿ ಹೋಟ್ಲು, ಅನಂತಯ್ಯನವರ ಮಣೆ, ಗೋಮೂತ್ರದ ಚೊಂಬು ಎಲ್ಲವೂ ಅವಳ ಕಣ್ಣ ಮುಂದೆ ಹಾದುಹೋಗಿರಬೇಕು. ಆಮೇಲೆ ಅವಳ ಹೊಟ್ಟೆ ಅಲುಗತೊಡಗಿತು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು. "ಅಮ್ಮ! ಮಡಿ ಮಡಿ ಅಂತ ನನ್ನ ಕೈಲಿ ಎಷ್ಟು ಸೋಮವಾರ ಆ ಕಾವಲೀನ ತೊಳೆಸಿದ್ಲು!" ಎಂದು ಕಣ್ಣೊರೆಸಿಕೊಂಡಳು.

ಸಂಜೆ ಈರಾಚಾರಿ ತಾನೇ ಮನೆಗೆ ಬಂದ. ಪ್ರಾಮಾಣಿಕತೆಗೆ ಬೈಸಿಕೊಂಡದ್ದು ಅವನ ಮನಸ್ಸನ್ನು ಕೊರೆಯುತ್ತಿತ್ತು. ಹೊಸದರಿಂದ ತನ್ನ ಹುರಿ ಬಿಚ್ಚಿದ್ದೇನೆಂದು ಹೇಳಿ, "ಇನ್ನೊಂದು ಮಾಡಿಕೊಡ್ತೀನಿ ತಾಯಿ. ಒಬ್ಬೊಬ್ಬರಿಗೆ ಒಂದೊಂದು. ಜಗಳನೇ ಇರಲ್ಲ" ಅಂದ.

"ಬೇಡಿ ಆಚಾರ್ರೇ" ಅಂದಳು ದೇವಾಜಮ್ಮ. "ಒಂದನ್ನ ಪಳಗಿಸೋದ್ರಲ್ಲೇ ನಮ್ಮ ಪ್ರಾಣ ಹೋಗತ್ತೆ. ಎರಡು ಒಲೆಯಿಂದ ಒಂದನ್ನೇ ಪಳಗಿಸಿದ್ರೆ ಬೇಗ ದಾರಿಗೆ ಬರತ್ತೆ."

ಮಾರನೆಯ ದಿನ ಚಂದ್ರಿ ತನ್ನ ಅಡುಗೆಮನೆಯಲ್ಲಿ ಹೊಸ ಕಾವಲಿಗೆ ಈರುಳ್ಳಿ ಉಜ್ಜುತ್ತಿದ್ದಳು. ನಾನೂ ಮಲ್ಲೇಶಿಯೂ ಮೋಟುಗೋಡೆಯ ಮೇಲಿದ್ದೆವು, ಎರಡು ಕಡೆಯೂ ಕಾಣುತ್ತಿತ್ತು. ಈ ಕಡೆ ದೇವಾಜಮ್ಮ ಬಾಗಿಲು ಮುಂದಕ್ಕೆ ಮಾಡಿ, ಸೆರಗಿನ ಮರೆಯಿಂದ ಏನನ್ನೋ ತೆಗೆದಳು. ಅದನ್ನು ಹಿಡಿಯುವುದು ಹೇಗೆಂದೂ ಅವಳಿಗೆ ಗೊತ್ತಿರಲಿಲ್ಲ. ಲಿಂಬೆಹಣ್ಣಿನ ಹಾಗೆ ಹಿಂಡಲು ನೋಡಿದಳು. ತೆಂಗಿನಕಾಯಿಯ ಹಾಗೆ ಒಲೆಯ ಕಲ್ಲಿಗೆ ಕುಟ್ಟಿದಳು. ಆ ಕಡೆ ಚಂದ್ರಿಯ ಕೈ ಕಾವಲಿಯ ಮೇಲಿದ್ದಂತೆಯೇ, ಅದರ ನಟ್ಟನಡುವೆ ಸಿಪ್ಪೆ ಸಮೇತ ಒಂದು ಮೊಟ್ಟೆ ಬಂದು ಬಿತ್ತು. ಚಂದ್ರಿ ಕೈ ಹಿಂದಕ್ಕೆ ತೆಗೆದುಕೊಂಡಳು. ನೋಡಿದಳು. ಸಿಪ್ಪೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಮೊಟ್ಟೆಯನ್ನು ಅಂಚಿನವರೆಗೂ ಹರಡಿದಳು.

ಅನಂತಯ್ಯನವರು ಆ ಸೋಮವಾರದಿಂದ ಅವಲಕ್ಕಿಯಲ್ಲಿ ದಿನ ದೂಡುತ್ತಿದ್ದವರು, ಸುದ್ದಿ ತಿಳಿದು ಬಾಗಿಲ ಹತ್ತಿರ ಬಂದು ನಿಂತರು. ದೇವಾಜಮ್ಮ ಮುಚ್ಚಿಡಲಿಲ್ಲ. ಸೋಮವಾ‌ರ ಎರಡೂ ಮನೆಯಲ್ಲಿ ಮೊಟ್ಟೆಯಿಲ್ಲ, ಚಂದ್ರಿಯೂ ಒಪ್ಪಿದ್ದಾಳೆ, ಉಳಿದ ದಿನ ಹೇಳಲಾರೆ, ಕಾವಲಿ ಇನ್ನೂ ಪಳಗಬೇಕು ಅಂದಳು. ಅವರು ಶಲ್ಯ ಸರಿ ಮಾಡಿಕೊಂಡರು.

"ಪಳಗಲಿ ತಾಯಿ, ಅವಸರವಿಲ್ಲ. ಪಳಗಿದ ದಿನ ಹೇಳಿ ಕಳಿಸು, ಬರ್ತೀನಿ" ಅಂದು ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಹೇಗೆ ಪಳಗಿತು ಅಂತ ಮಾತ್ರ ಹೇಳ್ಬೇಡ."

ಅದು ಪಳಗಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೆ ಎರಡು ಮನೆಯವರೂ ದೋಸೆಯ ಚೂರುಗಳನ್ನೇ ತಿಂದೆವು. ಒಂದು ಬೆಳಿಗ್ಗೆ ದೇವಾಜಮ್ಮ ಹೊಯ್ದ ದೋಸೆಯ ಅಂಚು ತಾನಾಗಿಯೇ ಮೇಲೆದ್ದಿತು. ಅವಳು ಉಸಿರು ಬಿಗಿಹಿಡಿದು ಮಗುಚೋ ಕೈಯನ್ನು ಅಡಿಗೆ ಸೇರಿಸಿದಳು. ಆ ಕಡೆಯಿಂದ ಚಂದ್ರಿಯೂ ಅದೇ ಗಳಿಗೆಯಲ್ಲಿ ಸೇರಿಸಿದ್ದಳು.

"ಬಿಡೇ, ನಾನು ಹೊಯ್ದಿದ್ದು!" ಎಂದು ಇವಳು ಕೂಗಿದಳು.

"ನೀ ಬಿಡಕ್ಕ, ಎಣ್ಣೆ ಬಿಟ್ಟಿದ್ದು ನಾನು!" ಎಂದು ಅವಳು ಕೂಗಿದಳು.

ದೋಸೆ ನಡುವೆ ಹರಿಯಿತು. ಅರ್ಧ ಈ ತಟ್ಟೆಗೆ, ಅರ್ಧ ಆ ತಟ್ಟೆಗೆ. ಇಬ್ಬರೂ ತಮ್ಮ ತಮ್ಮ ಗಂಡಂದಿರ ಮುಂದೆ ತಂದಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತರು. ನಾನೂ ಮಲ್ಲೇಶಿಯೂ ಮೋಟುಗೋಡೆಯ ಮೇಲೆ ಕೂತು ತಿಂದೆವು. ಹೇಗಿದೆ ಎಂದು ಈ ಕಡೆಯಿಂದ ಒಬ್ಬಳು, ಆ ಕಡೆಯಿಂದ ಒಬ್ಬಳು ಕೇಳಿದಾಗ, ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಮೊದಲು ನೀವು ಹೇಳಿ ಅಣ್ಣ ಎಂದು ಅವನು ಶುರು ಮಾಡುವಷ್ಟರಲ್ಲಿ ನಾನು ಅವನ ಬಾಯಿಗೆ ಕೈ ಅಡ್ಡ ಹಿಡಿದು, "ಚೆನ್ನಾಗಿದೆ, ಇಬ್ಬರೂ ಇನ್ನೊಂದು ಹೊಯ್ಯಿರಿ" ಅಂದೆ.